ಮದ್ದು ಬರುವವರೆಗೆ ಉಸಿರು ಉಳಿಸುವ ಕೆಲಸ: ಬೊಟುಲಿಸಂ ಬಂದರೆ ಸಣ್ಣ ಆಸ್ಪತ್ರೆ ಏನು ಮಾಡಬಹುದು?

ಜ್ವರವಿಲ್ಲ. ಮಾತನಾಡಿಸಿದರೆ ಬುದ್ಧಿ ನೆಟ್ಟಗಿದೆ. ಆದರೆ ರೆಪ್ಪೆ ಎತ್ತಲು ಆಗುತ್ತಿಲ್ಲ. ಎದುರಿಗಿದ್ದವರು ಎರಡೆರಡಾಗಿ ಕಾಣುತ್ತಿದ್ದಾರೆ. ಬಾಯಿ ಒಣಗಿದೆ, ನೀರು ಕುಡಿದರೆ ಮೂಗಿಗೆ ಏರುತ್ತಿದೆ. ಮುಂಬಯಿ ಪಕ್ಕದ ಡೊಂಬಿವಲಿಯ ಒಂದು ನರ್ಸಿಂಗ್ ಹೋಮಿಗೆ ರಾತ್ರಿ ಹೀಗೊಬ್ಬರು ಬಂದರು ಅಂದುಕೊಳ್ಳಿ. ಡ್ಯೂಟಿ ಡಾಕ್ಟರು ಪಾರ್ಶ್ವವಾಯು ಇರಬಹುದೆಂದು ಸ್ಕ್ಯಾನಿಗೆ ಕಳಿಸುತ್ತಾರೆ. ಸ್ಕ್ಯಾನಿನಲ್ಲಿ ಏನೂ ಇಲ್ಲ. ಅದೇ ಹೊತ್ತಿಗೆ ಕಲ್ಯಾಣದ ಆಸ್ಪತ್ರೆಗೆ ಇನ್ನೊಬ್ಬರು, ಮುಲುಂಡಿನಲ್ಲಿ ಮತ್ತೊಬ್ಬರು. ಮೂವರೂ ಹಿಂದಿನ ದಿನ ಒಂದೇ ಪೂಜೆಯ ಊಟಕ್ಕೆ ಹೋದವರು. ಮೂರು ಆಸ್ಪತ್ರೆಗಳಿಗೂ ಅದು ಗೊತ್ತಿಲ್ಲ.

ಇದು ಕಲ್ಪನೆಯ ಮಾತು. ಆದರೆ ಬೊಟುಲಿಸಂ ಶುರುವಾಗುವುದು ಸುಮಾರಾಗಿ ಹೀಗೆಯೇ. ಊಟ ಒಂದು, ರೋಗಿಗಳು ಚದುರಿದವರು, ಒಬ್ಬೊಬ್ಬ ಡಾಕ್ಟರು ಕೊಡುವ ಹೆಸರು ಒಂದೊಂದು. ಊಟದಲ್ಲಿ ಸೇರಿದ ಒಂದು ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಸೋಲುವ, ಜಗತ್ತಿನಲ್ಲೇ ಅಪರೂಪದ ಕಾಯಿಲೆ ಇದು. ಭಾರತದಲ್ಲಂತೂ ದಾಖಲಾದದ್ದು ತೀರಾ ಕಡಿಮೆ. ಹಾಗಾದರೆ ಇದರ ಬಗ್ಗೆ ಇಷ್ಟುದ್ದ ಯಾಕೆ ಬರೆಯಬೇಕು ಅಂತ ಕೇಳಬಹುದು. ಅಪರೂಪ ಅನ್ನುವುದೇ ಇದರ ದೊಡ್ಡ ತೊಂದರೆ. ಯಾರಿಗೂ ಅನುಮಾನ ಬರುವುದಿಲ್ಲ. ಮೂವರು ಒಂದೇ ಕಡೆ ಉಂಡರು ಅನ್ನುವ ಸಂಗತಿ ಮೊದಲು ಗೊತ್ತಾಗುವುದು ಡಾಕ್ಟರಿಗಲ್ಲ, ಮನೆಯವರಿಗೆ.

ಭಾರತದಲ್ಲಿ ಆಗಿಯೇ ಇಲ್ಲ ಅಂತೇನಿಲ್ಲ. 1996ರಲ್ಲಿ ಗುಜರಾತಿನ ಒಂದು ವಸತಿ ಶಾಲೆಯಲ್ಲಿ 34 ಮಕ್ಕಳು ಆಸ್ಪತ್ರೆ ಸೇರಿದರು. ಹುಡುಕುತ್ತಾ ಹೋದಾಗ ಅನುಮಾನ ನಿಂತದ್ದು ಕಡಲೆಹಿಟ್ಟಿನ ಸೇವಿನ ಮೇಲೆ. ಸೇವಿನ ಮೇಲೆ ಯಾರಿಗಾದರೂ ಅನುಮಾನ ಬರುತ್ತದಾ? ಅಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಕೂಡ ಮಾಮೂಲಿನದಲ್ಲ, ಅದೇ ವಿಷ ತಯಾರಿಸುವ ಅದರ ದಾಯಾದಿ.

ವಿಷ ಮಾಡುವ ಕೆಲಸ

ಕ್ಲಾಸ್ಟ್ರಿಡಿಯಂ ಬೊಟುಲಿನಂ ಮಣ್ಣಿನಲ್ಲಿ, ಕೆರೆ ಕಡಲುಗಳ ಕೆಸರಿನಲ್ಲಿ ಇರುವ ಬ್ಯಾಕ್ಟೀರಿಯಾ. ಗಾಳಿ ಇದ್ದಲ್ಲಿ ಅದು ಬೆಳೆಯುವುದಿಲ್ಲ. ಗಟ್ಟಿ ಕವಚದ ಬೀಜಕವಾಗಿ ಸುಮ್ನೆ ಬಿದ್ದಿರುತ್ತದೆ. ಗಾಳಿಯಿಲ್ಲದ, ಹುಳಿಯಿಲ್ಲದ, ಉಪ್ಪು ಕಡಿಮೆಯಿರುವ, ಸ್ವಲ್ಪ ಬೆಚ್ಚಗಿರುವ ಜಾಗ ಸಿಕ್ಕರೆ ಮೊಳೆತು ವಿಷ ಬಿಡುತ್ತದೆ. ಮನುಷ್ಯರು ಕಂಡ ವಿಷಗಳಲ್ಲಿ ಇದಕ್ಕಿಂತ ಬಲವಾದದ್ದು ಇಲ್ಲ ಅನ್ನುತ್ತಾರೆ. ಬಾಯಿಯ ಮೂಲಕ ಹೋದರೆ ಸುಮಾರು 70 ಮೈಕ್ರೋಗ್ರಾಂ ಒಬ್ಬ ದೊಡ್ಡವರಿಗೆ ಸಾಕು ಅನ್ನುವುದು ಅಂದಾಜು. ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರೋಗ್ರಾಂ.

ನಾವು ಕೈ ಎತ್ತಬೇಕಾದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು ಸ್ನಾಯುವನ್ನು ಮುಟ್ಟಬೇಕು. ಈ ವಿಷ ನರದ ತುದಿಯೊಳಗೆ ಸೇರಿಕೊಂಡು, ಆ ರಾಸಾಯನಿಕವನ್ನು ಹೊರಗೆ ಬಿಡುವ ಪ್ರೋಟೀನನ್ನೇ ಕತ್ತರಿಸುತ್ತದೆ. ವಯರು ಸರಿಯಿದೆ, ಬಲ್ಬೂ ಸರಿಯಿದೆ, ಸ್ವಿಚ್ಚು ಮಾತ್ರ ಕೆಟ್ಟಿದೆ. ಮಿದುಳಿಗೆ ಏನೂ ಆಗಿರುವುದಿಲ್ಲ. ಸ್ಪರ್ಶ ಗೊತ್ತಾಗುತ್ತದೆ, ಮಾತು ಕೇಳಿಸುತ್ತದೆ, ನೋವೂ ತಿಳಿಯುತ್ತದೆ. ಅಲ್ಲಾಡಲು ಮಾತ್ರ ಆಗುವುದಿಲ್ಲ.

ಮೊದಲು ಕೆಡುವುದು ತಲೆಯ ಸಣ್ಣ ಸ್ನಾಯುಗಳು. ರೆಪ್ಪೆ, ಕಣ್ಣುಗುಡ್ಡೆ, ನಾಲಿಗೆ, ಗಂಟಲು. ಆಮೇಲೆ ಕತ್ತು, ತೋಳು, ಎದೆ, ಕಾಲು. ಎರಡೂ ಬದಿಗೆ ಒಂದೇ ಸಮ, ಮೇಲಿನಿಂದ ಕೆಳಗೆ. ಊಟವಾದ 12ರಿಂದ 36 ಗಂಟೆಯೊಳಗೆ ಶುರುವಾಗುವುದು ಮಾಮೂಲು. ಕೆಲವರಿಗೆ ನಾಲ್ಕೇ ಗಂಟೆಯಲ್ಲಿ, ಕೆಲವರಿಗೆ ಎಂಟು ದಿನಕ್ಕೆ. ಮೊದಲಿಗೆ ವಾಂತಿ, ಹೊಟ್ಟೆನೋವು ಬರಬಹುದು. ಆಮೇಲೆ ಬರುವುದು ಭೇದಿಯಲ್ಲ, ಮಲಬದ್ಧತೆ. ಹಾಗಾಗಿ ‘ಆಹಾರದ ವಿಷ’ ಅಂದಾಗ ನಾವು ಅಂದುಕೊಳ್ಳುವ ಚಿತ್ರಕ್ಕೂ ಇದಕ್ಕೂ ತಾಳೆಯೇ ಆಗುವುದಿಲ್ಲ. ಸಾವು ಬರುವುದು ಉಸಿರಾಟದ ಸ್ನಾಯುಗಳು ಸೋತಾಗ.

ಬಾಂದ್ರಾ, ಅಂಧೇರಿಯ ಚರ್ಮದ ಕ್ಲಿನಿಕ್ಕುಗಳಲ್ಲಿ ಮುಖದ ಸುಕ್ಕು ತೆಗೆಯಲು ಕೊಡುವ ಬೊಟಾಕ್ಸ್ ಇದೇ ವಿಷದ ಅತಿ ಸಣ್ಣ ಅಳತೆ. ಮುಂಬಯಿಯಲ್ಲಿ ವಿಷ ಸುಲಭವಾಗಿ ಸಿಗುತ್ತದೆ, ಅದಕ್ಕೆ ಪ್ರತಿವಿಷ ಮಾತ್ರ ಔಷಧದ ಅಂಗಡಿಯಲ್ಲಿ ಸಿಗುವುದಿಲ್ಲ!

ಅಡುಗೆಮನೆಯಲ್ಲಿ ಎಲ್ಲಿ ಅಪಾಯ

ಒಂದು ವ್ಯತ್ಯಾಸ ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ವಿಷ ಬೇರೆ, ಬೀಜಕ ಬೇರೆ. ವಿಷ ಸೂಕ್ಷ್ಮ. ಹತ್ತು ನಿಮಿಷ ಚೆನ್ನಾಗಿ ಕುದಿಸಿದರೆ ಹಾಳಾಗುತ್ತದೆ. ಬೀಜಕ ಹಾಗಲ್ಲ. ಗಂಟೆಗಟ್ಟಲೆ ಕುದಿಸಿದರೂ ಬದುಕಿಕೊಳ್ಳುತ್ತದೆ. ಅದನ್ನು ಕೊಲ್ಲಲು 121 ಡಿಗ್ರಿ ಬೇಕು, ಅಂದರೆ ಒತ್ತಡದ ಹಬೆ. ಡಬ್ಬಿ ಆಹಾರದ ಕಾರ್ಖಾನೆಗಳು ಮಾಡುವುದು ಅದನ್ನೇ. ಮನೆಯಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಬಾಟಲಿಗೆ ತುಂಬಿ, ಗಾಳಿ ಹೋಗದಂತೆ ಮುಚ್ಚಿಟ್ಟರೆ ಏನಾಗುತ್ತದೆ? ಬೇರೆ ಕ್ರಿಮಿಗಳು ಸತ್ತಿವೆ, ಗಾಳಿ ಹೊರಟುಹೋಗಿದೆ, ಬೀಜಕ ಉಳಿದಿದೆ. ಅದಕ್ಕೆ ಬೇಕಾದ ಮನೆಯನ್ನು ನಾವೇ ಕಟ್ಟಿಕೊಟ್ಟ ಹಾಗಾಯಿತು.

ನಮ್ಮ ಅಜ್ಜಿಯರ ಭರಣಿಗಳು ಇಷ್ಟು ಕಾಲ ಯಾಕೆ ತೊಂದರೆ ಕೊಡಲಿಲ್ಲ ಅಂದರೆ ಅವರು ಸುರಿಯುತ್ತಿದ್ದ ಉಪ್ಪು ಮತ್ತು ಹುಳಿ. ಹುಳಿ ಜಾಸ್ತಿಯಿದ್ದು ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ನೀರಿನಲ್ಲಿ ನೂರಕ್ಕೆ ಹತ್ತರಷ್ಟು ಉಪ್ಪಿದ್ದರೂ ಬೆಳೆಯುವುದಿಲ್ಲ. ಮಾವಿನ ಮಿಡಿ, ನಿಂಬೆ ಉಪ್ಪಿನಕಾಯಿ, ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ಹಲಸಿನ ಸೊಳೆ, ಕಣಿಲೆ ಎಲ್ಲ ಈ ಲೆಕ್ಕದಲ್ಲಿ ಪಾಸಾಗುತ್ತವೆ. ನನಗೆ ಅನುಮಾನ ಬರುವುದು ಹೊಸ ಕಾಲದ ತಿದ್ದುಪಡಿಗಳ ಮೇಲೆ. ಬಿಪಿ ಇದೆಯೆಂದು ಉಪ್ಪು ಅರ್ಧ ಮಾಡುವುದು. ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಮುಳುಗಿಸಿ ತಿಂಗಳುಗಟ್ಟಲೆ ಕಪಾಟಿನಲ್ಲಿಡುವುದು. ವ್ಯಾಕ್ಯೂಮ್ ಪ್ಯಾಕ್ ಮಾಡಿದ ಮೀನನ್ನು ಊರಿನ ಬಸ್ಸಿನಲ್ಲಿ ರಾತ್ರಿಯಿಡೀ ತರಿಸುವುದು. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಹುಳಿಯನ್ನು ಕೊಡುವುದಿಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ 1985ರಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ, ಉಗಾಂಡಾದ ಒಂದು ವಸತಿ ಶಾಲೆಯಲ್ಲಿ 2008ರಲ್ಲಿ ಬಹುಶಃ ಮನೆಯಲ್ಲೇ ಮಾಡಿದ ಎಣ್ಣೆಯ ವ್ಯಂಜನದಿಂದ ಇದೇ ಆಯಿತು.

ಫ್ರಿಜ್ಜು ಬಹುಪಾಲು ಕಾಪಾಡುತ್ತದೆ. ಆದರೆ ಈ ಬ್ಯಾಕ್ಟೀರಿಯಾದಲ್ಲೇ ಹಲವು ಬಗೆಗಳಿವೆ, ಮೀನಿನಲ್ಲಿ ಸಿಗುವ ‘ಇ’ ಬಗೆ 3 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯಬಲ್ಲದು. ಡಬ್ಬಿ ಉಬ್ಬಿದ್ದರೆ ಎಸೆಯಿರಿ ಅನ್ನುವ ಮಾತು ಸರಿ. ಉಬ್ಬದಿದ್ದರೆ, ವಾಸನೆ ಬರದಿದ್ದರೆ ಪರವಾಗಿಲ್ಲ ಅನ್ನುವುದು ತಪ್ಪು. ಇನ್ನೊಂದು: ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ, ನಾಮಕರಣದ ದಿನವೂ ಬೇಡ. ಜೇನಿನಲ್ಲಿರುವ ಬೀಜಕ ಹಸುಗೂಸಿನ ಕರುಳಿನಲ್ಲೇ ಮೊಳೆಯಬಹುದು.

ಬೇರೆ ರೋಗದ ವೇಷದಲ್ಲಿ

ಪುಣೆಯವರಿಗೆ 2025ರ ಜನವರಿ ನೆನಪಿರಬಹುದು. ಸಿಂಹಗಡ ರಸ್ತೆಯ ಸುತ್ತಮುತ್ತ ಜನರಿಗೆ ಇದ್ದಕ್ಕಿದ್ದಂತೆ ಕೈಕಾಲು ಸೋಲಲು ಶುರುವಾಯಿತು. ಅದು ಗಿಲಾನ್ ಬಾರೆ ಸಿಂಡ್ರೋಮ್ ಎಂಬ ನರಗಳ ಕಾಯಿಲೆ, ಜನರ ಬಾಯಲ್ಲಿ ಜಿಬಿಎಸ್. ಸಂಖ್ಯೆ 200 ದಾಟಿತು, ಹಲವರಿಗೆ ವೆಂಟಿಲೇಟರ್ ಬೇಕಾಯಿತು, ಅನುಮಾನ ಕಲುಷಿತ ನೀರಿನ ಮೇಲೆ ಹೋಯಿತು. ಬೊಟುಲಿಸಂ ರೋಗಿ ಬಂದರೆ ಈಗ ಪುಣೆಯ ಯಾವ ಡಾಕ್ಟರಾದರೂ ಮೊದಲು ಜಿಬಿಎಸ್ ಅನ್ನುವ ಸಾಧ್ಯತೆಯೇ ಹೆಚ್ಚು, ತಪ್ಪೇನಿಲ್ಲ. ಆದರೆ ಜಿಬಿಎಸ್ ಸಾಮಾನ್ಯವಾಗಿ ಕಾಲಿನಿಂದ ಮೇಲಕ್ಕೆ ಏರುತ್ತದೆ, ಜೋಮು ಹಿಡಿಯುತ್ತದೆ. ಬೊಟುಲಿಸಂ ಕಣ್ಣಿನಿಂದ ಕೆಳಕ್ಕಿಳಿಯುತ್ತದೆ, ಜೋಮು ಇರುವುದಿಲ್ಲ. ಬೊಟುಲಿಸಂ ಅನ್ನು ಜಿಬಿಎಸ್ ಎಂದು ತಿಳಿದರೆ, ಜಿಬಿಎಸ್‌ಗೆ ಕೊಡುವ ಲಕ್ಷಗಟ್ಟಲೆ ಬೆಲೆಯ ಇಮ್ಯುನೊಗ್ಲಾಬ್ಯುಲಿನ್ ಔಷಧ ಸುಮ್ನೆ ಖರ್ಚಾಗುತ್ತದೆ.

ಮುಂಬಯಿಯ ಹೊರಗೆ, ಶಹಾಪುರ, ಮುರಬಾಡ್, ಪಾಲಘರ್ ಕಡೆಯ ಗ್ರಾಮೀಣ ಆಸ್ಪತ್ರೆಗಳಲ್ಲಿ ಇನ್ನೊಂದು ವೇಷಧಾರಿ ಇದೆ. ಕಟ್ಟುಹಾವು. ಮರಾಠಿಯವರು ಮಣ್ಯಾರ್ ಅನ್ನುತ್ತಾರೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವಿಲ್ಲ, ಗುರುತೂ ಕಾಣದಿರಬಹುದು. ಬೆಳಗ್ಗೆ ರೆಪ್ಪೆ ಜೋತುಬಿದ್ದಿರುತ್ತದೆ, ನುಂಗಲು ಆಗುವುದಿಲ್ಲ. ನೋಡಲು ಹೆಚ್ಚುಕಡಿಮೆ ಬೊಟುಲಿಸಂ ಥರವೇ. ಮಳೆಗಾಲದ ಒಬ್ಬನೇ ರೋಗಿಯಾದರೆ ಹಾವಿನ ಯೋಚನೆಯೇ ಮೊದಲು ಬರಬೇಕು, ಹಾವಿನ ಪ್ರತಿವಿಷಕ್ಕೆ ತಡ ಮಾಡಬಾರದು. ಆದರೆ ಬೇರೆ ಬೇರೆ ಮನೆಗಳ ಇಬ್ಬರಿಗೆ ಒಂದೇ ದಿನ ಹೀಗಾದರೆ? ಹಾವು ಅಷ್ಟು ಮನೆ ಸುತ್ತುವುದಿಲ್ಲ.

ಉಮ್ಮತ್ತಿ ಬೀಜ ತಿಂದರೂ ಬಾಯಿ ಒಣಗುತ್ತದೆ, ಪಾಪೆ ಹಿಗ್ಗುತ್ತದೆ. ಆದರೆ ರೋಗಿ ಬಡಬಡಿಸುತ್ತಾನೆ, ಬೊಟುಲಿಸಂನಲ್ಲಿ ಬುದ್ಧಿ ತಿಳಿಯಾಗಿರುತ್ತದೆ. ಕೀಟನಾಶಕವಾದರೆ ಜೊಲ್ಲು ಸುರಿಯುತ್ತದೆ, ಪಾಪೆ ಚುಕ್ಕೆಯಾಗುತ್ತದೆ. ಇಷ್ಟನ್ನೂ ಗುರುತಿಸಲು ಬೇಕಾದದ್ದು ಒಂದು ಟಾರ್ಚು ಮತ್ತು ಹತ್ತು ನಿಮಿಷ ಕೂತು ಕೇಳುವ ತಾಳ್ಮೆ. ಸಲಕರಣೆ ಕಡಿಮೆಯಿರುವ ಕಡೆಯೂ ದೊಡ್ಡ ವೈದ್ಯ ಸಾಧ್ಯ ಅನ್ನುವುದಕ್ಕೆ ಕೊಂಕಣದಲ್ಲೇ ಉದಾಹರಣೆಯಿದೆ. ರಾಯಗಡ ಜಿಲ್ಲೆಯ ಮಹಾಡಿನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಚೇಳು ಕಚ್ಚಿದವರನ್ನು ಪ್ರಜೋಸಿನ್ ಎಂಬ ಅಗ್ಗದ ಬಿಪಿ ಮಾತ್ರೆಯಿಂದ ಉಳಿಸಿದರು. ರೋಗಿಯ ಪಕ್ಕ ಕೂತು ನೋಡಿದ್ದರಿಂದಲೇ ಹೊಳೆದ ಚಿಕಿತ್ಸೆ ಅದು.

ಲ್ಯಾಬಿನ ಫಲಿತಾಂಶಕ್ಕೆ ಕಾಯಬಾರದು. ಬೊಟುಲಿಸಂ ಖಚಿತಪಡಿಸುವ ಹಳೆಯ, ನಂಬಿಕೆಯ ಪರೀಕ್ಷೆ ಇಲಿಗಳ ಮೇಲೆ ಮಾಡುವಂಥದ್ದು. ಅದಕ್ಕೆ ನಾಲ್ಕು ದಿನದ ತನಕ ಹಿಡಿಯಬಹುದು. ಮಾಡುವ ಲ್ಯಾಬುಗಳೂ ಬೆರಳೆಣಿಕೆಯವು. ಆದರೆ ರಕ್ತ, ಮಲ, ವಾಂತಿಯ ಮಾದರಿಗಳನ್ನು ಪ್ರತಿವಿಷ ಕೊಡುವ ಮೊದಲೇ ತೆಗೆದು ತಣ್ಣಗೆ ಇಟ್ಟುಕೊಂಡಿರಬೇಕು. ಆಮೇಲೆ ತೆಗೆದರೆ ರಕ್ತದಲ್ಲಿ ವಿಷ ಸಿಗದೆ ಹೋಗಬಹುದು.

ಉಸಿರಿನ ಲೆಕ್ಕ

ಪ್ರತಿವಿಷ ಸಿಗುವ ಮೊದಲೇ, ಸಿಗದಿದ್ದರೂ, ಮಾಡಬಹುದಾದ ದೊಡ್ಡ ಕೆಲಸ ಉಸಿರು ಕಾಯುವುದು. ಬೊಟುಲಿಸಂನಲ್ಲಿ ಸಾವಿನ ಪ್ರಮಾಣ ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ನೂರಕ್ಕೆ 60ರ ಆಸುಪಾಸು ಇತ್ತು. ಈಗ 5ರಿಂದ 10. ಈ ಇಳಿಕೆಯ ಬಹುಪಾಲು ಪುಣ್ಯ ಐಸಿಯುಗಳಿಗೆ, ವೆಂಟಿಲೇಟರುಗಳಿಗೆ ಸೇರಬೇಕು.

ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಕೋವಿಡ್ ಕಾಲದಿಂದ ಎಲ್ಲರೂ ನಂಬುತ್ತೇವೆ. ಇಲ್ಲಿ ಅದು ಮೋಸ ಮಾಡುತ್ತದೆ. ಶ್ವಾಸಕೋಶ ಚೆನ್ನಾಗಿದೆ, ಸೋತಿರುವುದು ಎದೆಯನ್ನು ಎಳೆಯುವ ಸ್ನಾಯು. ಆಮ್ಲಜನಕದ ಅಂಕಿ ಇಳಿಯುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕಿಂತ ಮೊದಲೇ ಹೇಳುವ ಪರೀಕ್ಷೆಗಳು ಪುಕ್ಕಟೆ ಸಿಗುತ್ತವೆ. ದೀರ್ಘ ಉಸಿರು ಎಳೆದುಕೊಂಡು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಎಣಿಸಲು ಹೇಳಿ. ಆರೋಗ್ಯವಂತರು 30 ದಾಟುತ್ತಾರೆ. 20ಕ್ಕಿಂತ ಕೆಳಗೆ ನಿಂತರೆ ಎಚ್ಚರ. ಗಂಟೆಗೊಮ್ಮೆ ಎಣಿಸಿದಾಗ 28, 22, 17 ಅಂತ ಇಳಿಯುತ್ತಿದ್ದರೆ ಆಂಬುಲೆನ್ಸು ಕರೆಯುವ ಹೊತ್ತಾಯಿತು. ದಿಂಬಿನಿಂದ ತಲೆ ಎತ್ತಲು ಆಗದಿದ್ದರೆ, ಕೆಮ್ಮು ಸತ್ವವಿಲ್ಲದಂತಿದ್ದರೆ, ಮಾತು ಮೂಗಿನಲ್ಲಿ ಬರುತ್ತಿದ್ದರೆ ಕೂಡ ಅಷ್ಟೇ. ನಾಡಿ, ಬಿಪಿ ಬರೆದಿಡುವ ಹಾಗೆ ಈ ಎಣಿಕೆಯನ್ನೂ ಸಮಯದ ಜೊತೆ ಕಾಗದದಲ್ಲಿ ಬರೆಯಬೇಕು. ಮುಂದಿನ ಆಸ್ಪತ್ರೆಗೆ ಅದರಷ್ಟು ಉಪಯೋಗದ ಚೀಟಿ ಇನ್ನೊಂದಿಲ್ಲ. ರೋಗಿ ಕನ್ನಡದಲ್ಲೋ ತುಳುವಿನಲ್ಲೋ ಎಣಿಸಲಿ, ಹಿಂದಿಯೇ ಬೇಕೆಂದೇನಿಲ್ಲ. ಆದರೆ ಪ್ರತಿ ಸಲವೂ ಒಂದೇ ಭಾಷೆ, ಒಂದೇ ವೇಗ ಇರಲಿ.

ನುಂಗಲು ಕಷ್ಟವಾದ ಕ್ಷಣದಿಂದ ಬಾಯಿಗೆ ಏನೂ ಹಾಕಬಾರದು. ಒಂದು ಗುಟುಕು ಕಾಫಿ, ಒಂದು ಚಮಚ ಗಂಜಿ ಅಂತ ಮನೆಯವರು ಪ್ರೀತಿಯಿಂದ ಕೊಡುತ್ತಾರೆ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಮೂಗಿನ ನಳಿಕೆಯಿಂದ ಊಟ ಕೊಡಬಹುದು. ಜೆಂಟಾಮೈಸಿನ್ ಜಾತಿಯ ಆಂಟಿಬಯೋಟಿಕ್ಕು, ಮೆಗ್ನೀಷಿಯಂ ಇಂಜೆಕ್ಷನ್ನು ಕೊಟ್ಟರೆ ಸ್ನಾಯುಗಳ ಸೋಲು ಇನ್ನೂ ಹೆಚ್ಚಾಗುತ್ತದೆ. ಸಣ್ಣ ಆಸ್ಪತ್ರೆಗಳಲ್ಲಿ ಇವು ಸದಾ ಕೈಗೆ ಸಿಗುವ ಔಷಧಗಳು, ಅದಕ್ಕೇ ಹೇಳಿದ್ದು. ಊಟದಿಂದ ಬಂದ ಬೊಟುಲಿಸಂಗೆ ಆಂಟಿಬಯೋಟಿಕ್ಕೇ ಬೇಡ. ಕೆಟ್ಟದ್ದು ಮಾಡಿರುವುದು ವಿಷ, ಜೀವಂತ ಕ್ರಿಮಿಯಲ್ಲ.

ವೆಂಟಿಲೇಟರ್ ಇಲ್ಲದಿದ್ದರೆ? ಆಂಬು ಬ್ಯಾಗ್ ಇರುತ್ತದೆ, ಕೈಯಿಂದ ಒತ್ತುವ ರಬ್ಬರಿನ ಚೀಲ. ನಿಮಿಷಕ್ಕೆ 12 ಸಲ ಒತ್ತಿದರೆ ದಿನಕ್ಕೆ 17,280 ಸಲ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಸರದಿ ಬೇಕು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಎದ್ದಾಗ ಉಸಿರಾಟದ ಯಂತ್ರಗಳು ಸಾಲದೆ ಹೋದವು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ರೋಗಿಗಳ ಗಂಟಲಿಗೆ ನಳಿಕೆ ಹಾಕಿಸಿ, ಕೈಚೀಲದಿಂದ ಉಸಿರು ಕೊಡಬಹುದೆಂದು ತೋರಿಸಿದರು. ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ವಾರಗಟ್ಟಲೆ ಆ ಚೀಲಗಳನ್ನು ಒತ್ತಿದರು. ಇಂದಿನ ಐಸಿಯು ಹುಟ್ಟಿದ್ದೇ ಅಲ್ಲಿ ಅನ್ನುತ್ತಾರೆ. ಇದನ್ನು ಬಹಳ ದಿನ ನಡೆಸಿ ಅಂತ ನಾನು ಹೇಳುತ್ತಿಲ್ಲ. ಪಾಲಘರ್ ಕಡೆಯಿಂದ ಮುಂಬಯಿ ತಲುಪುವ ಮೂರು ಗಂಟೆ, ಐಸಿಯು ಹಾಸಿಗೆ ಖಾಲಿಯಾಗುವ ಒಂದು ರಾತ್ರಿ, ಅಷ್ಟಕ್ಕೆ ಇದು ಸಾಕು.

ರೋಗಿಗೆ ಎಲ್ಲವೂ ಕೇಳಿಸುತ್ತಿದೆ ಅನ್ನುವುದನ್ನು ಹಾಸಿಗೆಯ ಪಕ್ಕ ನಿಂತವರು ಮರೆಯುತ್ತಾರೆ. ‘ಇವರು ಉಳಿಯಲ್ಲ’ ಅನ್ನುವ ಮಾತು ಅವರ ಎದುರಿಗೇ ನಡೆಯುತ್ತದೆ. ಕಣ್ಣು ತೆರೆಯಲಾರದ, ಬಾಯಿ ಬಿಡಲಾರದ ಮನುಷ್ಯ ಅದನ್ನೆಲ್ಲ ಕೇಳಿಸಿಕೊಂಡು ಮಲಗಿರುತ್ತಾನೆ. ಬೆರಳು ಅಲ್ಲಾಡುತ್ತಿದ್ದರೆ ಒಂದು ಸಲ ಹೌದು, ಎರಡು ಸಲ ಇಲ್ಲ ಅಂತ ಒಪ್ಪಂದ ಮಾಡಿಕೊಳ್ಳಬಹುದು. ಏನು ಮಾಡಲಿದ್ದೀರಿ ಅನ್ನುವುದನ್ನು ಅವರ ಭಾಷೆಯಲ್ಲಿ ಹೇಳಿ ಮಾಡಬೇಕು.

ಕುದುರೆಯಿಂದ ಬರುವ ಮದ್ದು

ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಿಂದ. ಈ ವಿದ್ಯೆ ನಮ್ಮ ಸುತ್ತಮುತ್ತ ಹೊಸದಲ್ಲ. ಪರೇಲಿನ ಹಾಫ್ಕಿನ್ ಸಂಸ್ಥೆಯ ಹೆಸರು ಕೇಳಿರುತ್ತೀರಿ. ಅದೇ ಹೆಸರಿನ ಔಷಧ ಕಂಪನಿ ಪುಣೆಯ ಪಿಂಪ್ರಿಯಲ್ಲಿ ಕುದುರೆಗಳಿಂದ ಹಾವಿನ ಪ್ರತಿವಿಷ ಮಾಡುತ್ತದೆ. ಹಾವಿನ ಮದ್ದಿಗೆ ದಿನವೂ ಗಿರಾಕಿಗಳಿದ್ದಾರೆ, ಬೊಟುಲಿಸಂ ಮದ್ದಿಗೆ ವರ್ಷಕ್ಕೊಬ್ಬರೂ ಇರಲಿಕ್ಕಿಲ್ಲ. ಹಾಗಾಗಿ ಅದನ್ನು ದಾಸ್ತಾನು ಇಡುವ ದೇಶಗಳು ಕಡಿಮೆ. ಅಮೆರಿಕದಲ್ಲಿ ಏಳು ಬಗೆಯ ವಿಷಗಳಿಗೂ ಆಗುವ ಒಂದು ಪ್ರತಿವಿಷಕ್ಕೆ 2013ರಲ್ಲಿ ಪರವಾನಗಿ ಸಿಕ್ಕಿತು. ಬೇಕಾದವರು ಸರಕಾರದ ಮಟ್ಟದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಕೇಳಿ ತರಿಸಿಕೊಳ್ಳಬೇಕು. ಅದಕ್ಕೆ ದಿನಗಳು ಹಿಡಿಯುತ್ತವೆ.

ಮದ್ದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಮುಖ್ಯ. ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಅದು ಹಿಡಿದು ನಿಲ್ಲಿಸುತ್ತದೆ. ನರದೊಳಗೆ ಸೇರಿಹೋದ ವಿಷವನ್ನು ಮುಟ್ಟಲಾರದು. ಮೊದಲ ಒಂದೆರಡು ದಿನಗಳಲ್ಲಿ ಕೊಟ್ಟರೆ ಲಾಭ ಹೆಚ್ಚು. ಈಗಾಗಲೇ ಜೋತುಬಿದ್ದ ರೆಪ್ಪೆ ಅದರಿಂದ ಎದ್ದು ನಿಲ್ಲುವುದಿಲ್ಲ. ನರ ಹೊಸ ತುದಿಗಳನ್ನು ಬೆಳೆಸಿಕೊಳ್ಳುವ ತನಕ, ಅಂದರೆ ವಾರಗಳು, ಕೆಲವರಿಗೆ ತಿಂಗಳುಗಳು, ಕಾಯಲೇಬೇಕು. ಕುದುರೆಯ ಸೀರಂ ಆದ್ದರಿಂದ ಅಲರ್ಜಿಯ ಭಯವಿದೆ. ಪಕ್ಕದಲ್ಲಿ ಅಡ್ರಿನಲಿನ್ ಇಟ್ಟುಕೊಂಡೇ ಕೊಡಬೇಕು.

ಇಪ್ಪತ್ತು ರೋಗಿಗಳಿದ್ದಾರೆ, ಎಂಟು ಡೋಸು ಬಂದಿದೆ ಅಂದುಕೊಳ್ಳಿ. ಯಾರಿಗೆ ಕೊಡುವುದು? ಅತಿ ಕೆಟ್ಟ ಸ್ಥಿತಿಯಲ್ಲಿರುವವರಿಗೆ ಅಂತ ಮನಸ್ಸು ಹೇಳುತ್ತದೆ. ಆದರೆ ಮೂರು ದಿನದಿಂದ ವೆಂಟಿಲೇಟರಿನಲ್ಲಿದ್ದು ಇನ್ನು ಕೆಳಗಿಳಿಯುವ ಜಾಗವೇ ಇಲ್ಲದವರಿಗೆ ಅದರಿಂದ ಆಗುವ ಲಾಭ ಕಡಿಮೆ. ನಿನ್ನೆ ರೆಪ್ಪೆ ಜೋತು, ಇಂದು ನುಂಗಲು ಕಷ್ಟವಾಗಿ, ಎಣಿಕೆ ಗಂಟೆಗಂಟೆಗೂ ಇಳಿಯುತ್ತಿರುವವರಿಗೆ ಕೊಟ್ಟರೆ ಒಂದು ವೆಂಟಿಲೇಟರೇ ಉಳಿಯಬಹುದು. ಕಠಿಣವಾಗಿ ಕಂಡರೂ ನನಗೆ ಈ ಲೆಕ್ಕ ಸರಿಯೆನಿಸುತ್ತದೆ. ಮನೆಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಜಗಳ ಗ್ಯಾರಂಟಿ.

ಕಣಿಲೆಯ ಡಬ್ಬ, 209 ಜನ

ಕಣಿಲೆ ತಿನ್ನುವ ನಾವು ಥಾಯ್ಲೆಂಡಿನ ಕಥೆಯನ್ನು ವಿಶೇಷವಾಗಿ ಓದಬೇಕು. 2006ರ ಮಾರ್ಚ್, ಉತ್ತರದ ನಾನ್ ಪ್ರಾಂತ್ಯ, ಬಾನ್ ಲುವಾಂಗ್ ಎಂಬ ಜಾಗ. ಧಾರ್ಮಿಕ ಹಬ್ಬದ ಊಟದಲ್ಲಿ ಹಳ್ಳಿಯವರೇ ಡಬ್ಬಕ್ಕೆ ತುಂಬಿಟ್ಟಿದ್ದ ಬಿದಿರಿನ ಕಣಿಲೆ ಬಡಿಸಿದರು. ದೊಡ್ಡ ತಗಡಿನ ಡಬ್ಬ. ಕುದಿಸಿದ್ದರು, ಆದರೆ ಒತ್ತಡದ ಹಬೆಯಿರಲಿಲ್ಲ, ಹುಳಿಯೂ ಇರಲಿಲ್ಲ. 209 ಜನರಿಗೆ ವಿಷ ತಾಗಿತು. 42 ಮಂದಿಗೆ ವೆಂಟಿಲೇಟರ್ ಬೇಕಾಯಿತು. ಗುಡ್ಡಗಾಡಿನ ಒಂದು ಜಿಲ್ಲೆಗೆ ಇದು ಎಷ್ಟು ದೊಡ್ಡ ಹೊರೆ ಅಂತ ಯೋಚಿಸಿ. ಒಬ್ಬೊಬ್ಬರಿಗೆ 20 ದಿನ ಅಂದರೂ 840 ವೆಂಟಿಲೇಟರ್ ದಿನಗಳು. ಅಷ್ಟು ರೋಗಿಗಳು ಒಟ್ಟಿಗೆ ಬಂದರೆ ಮುಂಬಯಿಯ ಕೆಇಎಂ, ಸಾಯನ್, ನಾಯರ್‌ನಂಥ ದೊಡ್ಡ ಆಸ್ಪತ್ರೆಗಳಿಗೂ ಬೆವರಿಳಿಯುತ್ತದೆ. ಸಂಪನ್ಮೂಲ ಕಡಿಮೆ ಅನ್ನುವುದು ಹಳ್ಳಿಗೆ ಮಾತ್ರ ಅಂಟಿದ ಮಾತಲ್ಲ.

ಅಲ್ಲಿ ಒಬ್ಬರೂ ಸಾಯಲಿಲ್ಲ. ಪ್ರತಿವಿಷ ಅಮೆರಿಕ, ಬ್ರಿಟನ್, ಜಪಾನುಗಳಿಂದ ಬರಬೇಕಾಯಿತು, ಬರುವಷ್ಟರಲ್ಲಿ ದಿನಗಳು ಕಳೆದಿದ್ದವು. ಅಲ್ಲಿಯ ತನಕ ಉಳಿಸಿದ್ದು ಬೇಗ ಗುರುತಿಸಿದ್ದು ಮತ್ತು ಉಸಿರಿಗೆ ಆಸರೆ ಕೊಟ್ಟದ್ದು. ಒಂದೇ ಆಸ್ಪತ್ರೆಯಲ್ಲಿ ಗುಡ್ಡೆ ಹಾಕಿಕೊಳ್ಳದೆ ರೋಗಿಗಳನ್ನು ದೂರದ ದೊಡ್ಡ ಆಸ್ಪತ್ರೆಗಳಿಗೂ ಹಂಚಿದರು. ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು 1991ರ ಕೈರೋ. ಹಬ್ಬದ ಸಮಯ, ಫೆಸೀಖ್ ಎಂಬ ಉಪ್ಪು ಹಾಕಿದ ಮೀನು. ಆಸ್ಪತ್ರೆ ಸೇರಿದ 91 ಜನರಲ್ಲಿ 18 ಮಂದಿ ತೀರಿಕೊಂಡರು.

ನಮ್ಮ ಡೊಂಬಿವಲಿಯ ಕಲ್ಪನೆಗೆ ಇದನ್ನು ತಂದರೆ ಹಂಚಿಕೆ ಹೀಗಿರಬೇಕು ಅನ್ನಿಸುತ್ತದೆ. ನುಂಗಲು ಕಷ್ಟ ಅಥವಾ ಎಣಿಕೆ ಇಳಿಯುತ್ತಿದೆ ಅಂದರೆ 108ಕ್ಕೆ ಕರೆ, ನೇರ ಐಸಿಯು ಇರುವ ದೊಡ್ಡ ಆಸ್ಪತ್ರೆ. ಬರೀ ಕಣ್ಣಿನ ತೊಂದರೆ ಇದ್ದರೆ ಹತ್ತಿರದ ಆಸ್ಪತ್ರೆಯಲ್ಲೇ ದಾಖಲು, ಗಂಟೆಗೊಮ್ಮೆ ಎಣಿಕೆ. ಅದೇ ಊಟ ಉಂಡು ಏನೂ ಆಗದವರು ಮನೆಯಲ್ಲೇ ಇರಬಹುದು, ಆದರೆ ಒಂಟಿಯಾಗಿ ಅಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆರೈಕೆಗೆ ಹೆದರಬೇಕಾಗಿಲ್ಲ.

ಉಂಡವರ ಪಟ್ಟಿ

ವೈದ್ಯರಲ್ಲದವರು ಜೀವ ಉಳಿಸಬಹುದಾದ ಕೆಲಸ ಇದು. ಮುಂಬಯಿಯಲ್ಲಿ ನಮ್ಮ ಸಮಾರಂಭಗಳಿಗೆ ವಿರಾರಿನಿಂದ ಪನ್ವೇಲ್ ತನಕ ಜನ ಬರುತ್ತಾರೆ. ಉಂಡು ಲೋಕಲ್ ಹತ್ತಿ ಹೊರಟುಹೋಗುತ್ತಾರೆ. ಕೆಲವರು ಅದೇ ರಾತ್ರಿ ಮಂಗಳೂರಿನ ರೈಲು ಹಿಡಿದಿರುತ್ತಾರೆ. ಅವರಲ್ಲಿ ಯಾರಿಗೆ ರೆಪ್ಪೆ ಜೋತುಬಿದ್ದಿದೆ ಅಂತ ಸರಕಾರಿ ಕಚೇರಿಗೆ ಗೊತ್ತಾಗುವ ಮೊದಲೇ ಊಟ ಹಾಕಿಸಿದವರ ಮೊಬೈಲಿಗೆ ಗೊತ್ತಾಗುತ್ತದೆ. ವಾಟ್ಸಾಪಿನಲ್ಲಿ ಒಂದು ಮೆಸೇಜು ಹಾಕಿ ಕೈತೊಳೆದುಕೊಂಡರೆ ಸಾಲದು. ಫೋನು ಮಾಡಬೇಕು, ಯಾಕೆಂದರೆ ಎರಡೆರಡು ಕಾಣುವವರಿಗೆ ಮೆಸೇಜು ಓದಲೂ ಆಗುವುದಿಲ್ಲ. ‘ನಿನ್ನೆಯ ಊಟ ಸರಿಯಾಯ್ತಾ’ ಅಂತ ಕೇಳಿದರೆ ಎಲ್ಲರೂ ಸಂಕೋಚಕ್ಕೆ ಹೌದು ಅನ್ನುತ್ತಾರೆ. ‘ಕಣ್ಣು ಮಂಜಾಗಿದೆಯಾ, ಎರಡೆರಡು ಕಾಣ್ತದಾ, ನುಂಗಲಿಕ್ಕೆ ಕಷ್ಟ ಆಗ್ತದಾ’ ಅಂತ ಬಿಡಿಸಿ ಕೇಳಬೇಕು.

ಯಾವ ಪದಾರ್ಥ ಅಂತ ಹುಡುಕುವಾಗ, ಕಾಯಿಲೆ ಬಿದ್ದವರನ್ನು ಮಾತ್ರ ಕೇಳಿದರೆ ಉತ್ತರ ಸಿಗುವುದಿಲ್ಲ. ಅವರೆಲ್ಲ ಅನ್ನ ಸಾರು ಉಂಡಿರುತ್ತಾರೆ, ಆರೋಗ್ಯವಾಗಿರುವವರೂ ಉಂಡಿರುತ್ತಾರೆ. ಬಿದ್ದವರು ತಿಂದದ್ದು, ಬೀಳದವರು ಬಿಟ್ಟದ್ದು ಯಾವುದು ಅಂತ ಎರಡೂ ಕಡೆಯಿಂದ ನೋಡಬೇಕು. ಹಾಗಾಗಿ ಚೆನ್ನಾಗಿರುವವರ ಹೆಸರೂ ಪಟ್ಟಿಯಲ್ಲಿರಬೇಕು. ಹೀಗೆ ನೋಡಿದರೆ ಅನಿರೀಕ್ಷಿತ ಪದಾರ್ಥ ಸಿಕ್ಕಿಬೀಳುತ್ತದೆ. 1983ರಲ್ಲಿ ಅಮೆರಿಕದ ಪಿಯೋರಿಯಾದಲ್ಲಿ 28 ಜನರನ್ನು ಮಲಗಿಸಿದ್ದು ಮಾರ್ಗರೀನಿನಲ್ಲಿ ಬಾಡಿಸಿ ಬೆಚ್ಚಗೆ ಇಟ್ಟಿದ್ದ ಈರುಳ್ಳಿ.

ಉಳಿದ ಊಟವನ್ನು ಎಸೆಯಬಾರದು. ಹೆದರಿದ ಮನೆಯವರು ಮೊದಲು ಮಾಡುವುದೇ ಪಾತ್ರೆ ತೊಳೆಯುವ ಕೆಲಸ. ಕೈಗವಸು ಹಾಕಿ, ಡಬ್ಬ, ಬಾಟಲಿ, ಲೇಬಲ್ಲು ಸಮೇತ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಬೇರೆಯಾಗಿ ಇಡಿ. ‘ಯಾರೂ ಮುಟ್ಟಬೇಡಿ’ ಅಂತ ಮನೆಕೆಲಸದವರಿಗೂ ಓದಲು ಬರುವ ಭಾಷೆಯಲ್ಲಿ ಬರೆದು ಅಂಟಿಸಿ. ರುಚಿ ನೋಡಿ ಪರೀಕ್ಷೆ ಮಾಡುವ ಧೈರ್ಯ ಯಾರಿಗೂ ಬೇಡ. ಮಹಾನಗರಪಾಲಿಕೆಯ ಆರೋಗ್ಯ ಅಧಿಕಾರಿಗೆ, ಮಹಾರಾಷ್ಟ್ರದ ಆಹಾರ ಮತ್ತು ಔಷಧ ಇಲಾಖೆಗೆ (ಎಫ್‌ಡಿಎ) ತಿಳಿಸಬೇಕು. ಅದೇ ದಿನ ಅದೇ ಪದಾರ್ಥ ಇನ್ನೊಂದು ಮದುವೆಗೆ ಹೋಗಿದ್ದರೆ ಅದನ್ನು ತಡೆಯುವ ಅಧಿಕಾರ ಇರುವುದು ಅವರಿಗೇ. ಅಡುಗೆಯವರ ಹೆಸರು ಹಾಳಾಗುತ್ತದೆ ಅನ್ನುವ ಸಂಕೋಚ ನಮ್ಮವರಲ್ಲಿ ಜಾಸ್ತಿ. ಆದರೆ ತಪ್ಪು ಅಡುಗೆಯವರದ್ದೇ ಆಗಿರಬೇಕೆಂದಿಲ್ಲ. ಯಾರೋ ಪ್ರೀತಿಯಿಂದ ಊರಿನಿಂದ ತಂದುಕೊಟ್ಟ ಬಾಟಲಿಯೂ ಆಗಿರಬಹುದು, ಹುಡುಕದೆ ಅದು ಗೊತ್ತಾಗುವುದಿಲ್ಲ.

ಪಟ್ಟಿಯನ್ನು ಎರಡು ದಿನಕ್ಕೆ ಮುಚ್ಚಬಾರದು. ತಡವಾಗಿ ಬೀಳುವವರಿಗೆ ಎಂಟು ದಿನ ಹಿಡಿಯಬಹುದು ಅಂತ ಮೇಲೆ ಹೇಳಿದೆನಲ್ಲ. ಅಷ್ಟು ದಿನವೂ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಬೆಳಗ್ಗೆ ಒಂದು, ಸಂಜೆ ಒಂದು ಫೋನು ಹೋಗಬೇಕು. ಮಂಗಳೂರಿನ ರೈಲು ಹತ್ತಿದವರಿಗೂ, ಊಟಕ್ಕೆ ಬಾರದೆ ಪಾರ್ಸೆಲ್ ತರಿಸಿಕೊಂಡವರಿಗೂ.